ಎಡಚಕ್ರದ ಬಿರುಕು

ಕೊಲ್ಲಿ ದೇಶದ ದುಕ್ಮ್ ಬಂದರಿನಲ್ಲಿ ಆರು ವಾರದ ಕೆಲಸ ಮುಗಿಸಿ ಬಂದ ಮರುದಿನವೇ ದಮಯಂತಿ ಸಚ್ಚಿದಾನಂದರ ಗ್ಯಾರೇಜಿಗೆ ಹೋದಳು. ಅವತ್ತು ಮನೆಯಲ್ಲೇ ಬಿದ್ದುಕೊಂಡು ನಿದ್ದೆ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಅವಳ ಗಂಡ ಕೊರಗಪ್ಪ ಆಮೇಲೆ ಎಷ್ಟೋ ಸಲ ಅಂದುಕೊಂಡದ್ದುಂಟು. ಆದರೆ ಅದು ಶುಕ್ರವಾರ, ಅಲ್ಲಿನ ವಾರದ ರಜೆ. ನಾಲ್ಕು ವರ್ಷದಿಂದ ಅವಳಿಗೆ ಶುಕ್ರವಾರ ಬೆಳಿಗ್ಗೆ ಎಂದರೆ ಕಾರು.

ಅದು ಶೋರೂಮಿನಿಂದ ತಂದ ಕಾರಲ್ಲ. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ಎಂಜಿನಿಯರ್, ಬಿಚ್ಚಿಯೂ ನೋಡದ ಮೂರು ಮರದ ಪೆಟ್ಟಿಗೆಗಳನ್ನು ಸಚ್ಚಿದಾನಂದರಿಗೆ ಬಿಟ್ಟುಹೋಗಿದ್ದ. ಒಳಗೆ ಚೌಕ ಕೊಳವೆಗಳು, ಅಲ್ಯೂಮಿನಿಯಂ ತಗಡುಗಳು, ಫೈಬರಿನ ಉದ್ದ ಮೂತಿ, ಚೀಲದ ತುಂಬ ನಟ್ಟು ಬೋಲ್ಟು, ಕೊನೆಯ ಪುಟಗಳು ಹರಿದ ಒಂದು ಕೈಪಿಡಿ. ನಾಲ್ವರು ಸೇರಿ ಮೂರು ವರ್ಷದಲ್ಲಿ ಅದನ್ನು ಕಾರು ಮಾಡಿದರು. ಧಾರವಾಡದ ಸಚ್ಚಿದಾನಂದರು ಸೀಬ್‌ನಿಂದ ಅರ್ಧ ಗಂಟೆ ದೂರದ ಪೈಪ್ ಯಾರ್ಡೊಂದರಲ್ಲಿ ಜನಬಲದ ಲೆಕ್ಕ ನೋಡುವ ಮ್ಯಾನೇಜರ್, ಗ್ಯಾರೇಜು ಅವರದು. ಮುಧೋಳದ ಕಡೆಯ ಬಸಯ್ಯ ಅದೇ ಯಾರ್ಡಿನ ವೆಲ್ಡಿಂಗ್ ಸೂಪರ್‌ವೈಸರ್. ಚಾಸಿಯ ಒಂದೊಂದು ಬೆಸುಗೆಯೂ ಅವನ ಕೈಯದು. ಬಜಪೆಯ ಫ್ರೆಡ್ಡಿಗೆ ಸೀಬ್ ಪೇಟೆಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಅಂಗಡಿ. ಕಾರ್ಕಳದ ದಮಯಂತಿ ಬೆಸುಗೆ ಪರೀಕ್ಷಕಿ. ಅವಳ ಕಂಪನಿ ಅವಳನ್ನು ಬೇರೆ ಬೇರೆ ಯಾರ್ಡುಗಳಿಗೆ ಕಳಿಸುತ್ತಿತ್ತು, ಬಸಯ್ಯನ ಯಾರ್ಡಿಗೂ.

ಹಸಿರು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಬಾಗಿಲಿಲ್ಲ. ಮುಂದಿನ ಚಕ್ರಗಳು ಮಿಡತೆಯ ಕಾಲಿನಂತೆ ಮೈಯಿಂದ ಹೊರಗೆ ಚಾಚಿಕೊಂಡಿದ್ದವು. ಸಾರ್ವಜನಿಕ ರಸ್ತೆಗೆ ಇಳಿಸಲು ಪರವಾನಗಿ ಇರಲಿಲ್ಲ. ಕಚ್ಚಾ ಎಣ್ಣೆಯ ಬೆಲೆ ಬಿದ್ದ ಮೇಲೆ ಸೀಬ್‌ನ ಹಿಂಭಾಗದಲ್ಲಿ ಒಂದು ಬಡಾವಣೆಯ ಕೆಲಸ ನಿಂತುಹೋಗಿತ್ತು. ಡಾಂಬರು ಹಾಕಿದ ರಸ್ತೆ, ದೀಪವಿಲ್ಲದ ಕಂಬ, ಎರಡೂ ಬದಿಗೆ ಕಾಂಕ್ರೀಟಿನ ಅಂಚುಗಟ್ಟೆ, ಮನೆ ಮಾತ್ರ ಒಂದೂ ಇಲ್ಲ. ಅಲ್ಲಿನ ಕಾವಲುಗಾರನನ್ನು ಕೇಳಿ ಅವರು ಅಲ್ಲೇ ಓಡಿಸುತ್ತಿದ್ದರು.

ಬಸಯ್ಯನಿಗೆ ಜನವರಿ ಮೊದಲ ವಾರ ಕೆಲಸದಿಂದ ತೆಗೆದ ಕಾಗದ ಬಂದಿತ್ತು. ದುಕ್ಮ್‌ನಿಂದ ದಮಯಂತಿ ಎರಡು ಸಲ ಫೋನ್ ಮಾಡಿದಾಗಲೂ ಅವನು ಎತ್ತಿರಲಿಲ್ಲ. ಈಗ ಗ್ಯಾರೇಜಿನ ಮೂಲೆಯಲ್ಲಿ ನಿಂತು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ.

"ಹೇಗಿದ್ದೀರಿ ಬಸಯ್ಯ? ಫೋನ್ ಮಾಡಿದ್ದೆ ನಾನು."

"ನೋಡೀನಿ ಮೇಡಮ್," ಎಂದ ಅವನು, ಅವಳ ಮುಖ ನೋಡದೆ.

ನಾಲ್ಕು ವರ್ಷ ಅವನು ಅವಳನ್ನು 'ಅಕ್ಕಾರ' ಎಂದೇ ಕರೆದಿದ್ದ. ದಮಯಂತಿ ಕೈಗವಸು ಹಾಕಿಕೊಂಡು ಕೆಲಸಕ್ಕೆ ಕೂತಳು.

ಮೊದಲು ಕಣ್ಣಿಗೆ ಬಿದ್ದದ್ದು ಮುಂದಿನ ಎಡಗಡೆಯ ಟಯರು. ಹೊರ ಅಂಚು ಹೊಸದರಂತಿತ್ತು, ಒಳ ಅಂಚು ಬೋಳಾಗಿತ್ತು. ಚಕ್ರ ಸೊಟ್ಟಗೆ ನಿಂತಿದೆ ಎಂದರೆ ಅದನ್ನು ಹಿಡಿದಿರುವುದು ಏನೋ ಜಾಗ ಬಿಟ್ಟಿದೆ ಎಂದೇ ಅರ್ಥ. ಅವಳು ಟಾರ್ಚು ಹಿಡಿದು ನೋಡಿದಳು. ಚಕ್ರದ ಕೆಳಗಿನ ತೋಳು ಚಾಸಿಗೆ ಸೇರುವಲ್ಲಿ ಅಂಗೈಯಷ್ಟು ಅಗಲದ ಒಂದು ಉಕ್ಕಿನ ಬ್ರಾಕೆಟ್. ಅದರ ಮೇಲಿನ ಹಸಿರು ಸುತ್ತಲಿನ ಹಸಿರಿಗಿಂತ ತುಸು ಹೊಸತು. ಬಣ್ಣ ಕೆರೆದು, ಎಣ್ಣೆ ಒರೆಸಿ, ಚೀಲದಿಂದ, ಬಿರುಕಿದ್ದರೆ ಒಳಗಿಳಿದು ನಿಲ್ಲುವ ಕೆಂಪು ಬಣ್ಣದ ಡಬ್ಬಿ ತೆಗೆದು ಚಿಮುಕಿಸಿದಳು. ಹತ್ತು ನಿಮಿಷ ಕಾದಳು. ಕೆಂಪನ್ನು ಪೂರ್ತಿ ಒರೆಸಿ ಬಿಳಿ ಪುಡಿ ಹಾಕಿದಳು. ಲೋಹ ಸರಿಯಿದ್ದರೆ ಬಿಳಿ ಬಿಳಿಯಾಗಿಯೇ ಇರಬೇಕು. ಇರಲಿಲ್ಲ. ಬೆಸುಗೆಯ ಪಕ್ಕದಲ್ಲೇ, ಬ್ಲೇಡಿನಿಂದ ಗೀರಿದ ಹಾಗೆ, ಒಂದು ಕೆಂಪು ಗೆರೆ ಮೆಲ್ಲಗೆ ಒಸರಿತು.

"ಬಿರುಕು ಉಂಟು," ಎಂದಳು ಎದ್ದು. "ಎಡಗಡೆ ಕೆಳಗಿನ ಬ್ರಾಕೆಟ್, ವೆಲ್ಡಿಂಗಿನ ಬದಿಯಲ್ಲಿ. ಬರುವ ಶುಕ್ರವಾರ ಈ ಕಾರು ಸುವೈಕ್‌ಗೆ ಹೋಗುದು ಬೇಡ."

ಸಚ್ಚಿದಾನಂದರೂ ಫ್ರೆಡ್ಡಿಯೂ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿದರು. ವರ್ಷಕ್ಕೊಮ್ಮೆ ಸುವೈಕ್‌ನ ಹಮೂದ್ ಎಂಬವನ ತೋಟದಲ್ಲಿ, ಕೈಯಾರೆ ಗಾಡಿ ಕಟ್ಟಿದವರೆಲ್ಲ ಸೇರುತ್ತಿದ್ದರು. ಖರ್ಜೂರದ ಮರಗಳ ಸುತ್ತ ಎರಡು ಕಿಲೋಮೀಟರಿನ ಒಳ್ಳೆಯ ರಸ್ತೆ ಇತ್ತು. ಮಾರ್ಚ್ ನಡುವಿಗೆ ಬಸಯ್ಯ ಸಂಸಾರಸಮೇತ ಊರಿಗೆ ಹೊರಡುವವನಿದ್ದ. ಅದಕ್ಕಾಗಿ ಈ ಸಲ ಓಡಿಸುವುದು ಅವನೇ ಎಂದು ನಿಶ್ಚಯವಾಗಿತ್ತು.

ಬಸಯ್ಯ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟ. "ನನ್ನ ವೆಲ್ಡಿಂಗ್ ಕಂಡ್ರ ನಿಮ್ಮ ಪೆನ್ನು ಸುಮ್ಮನ ಕೂಡಂಗಿಲ್ಲಲ್ಲ ಮೇಡಮ್. ಯಾರ್ಡಿನ್ಯಾಗ ಹದಿನೆಂಟು ಜಾಯಿಂಟು ಫೇಲ್ ಅಂತ ಬರದ್ರಿ. ಅಷ್ಟು ಸಾಲಲಿಲ್ಲೇನು? ಇದು ಹತ್ತೊಂಬತ್ತನೇದು?"

"ಯಾವ ಹದಿನೆಂಟು?"

"ಅಕ್ಟೋಬರ್, ನವೆಂಬರ್. ನಿಮ್ಮ ಸಹಿ ಐತಿ. ಯಾರನ್ನ ತಗೀಬೇಕು ಅಂತ ಕೂತಾಗ ಅದ ಕಾಗದ ಮುಂದ ಇಟ್ಕೊಂಡಾರ. ಯಾರ ಗುಂಪಿನ್ಯಾಗ ಫೇಲ್ ಹೆಚ್ಚೋ ಅವರು ಮೊದಲು ಹೊರಗ. ಗೊತ್ತಿಲ್ಲ ಅನಬ್ಯಾಡ್ರಿ. ಸರ್ ಇಲ್ಲೇ ಅದಾರ, ಕೇಳ್ರಿ."

ದಮಯಂತಿ ಸಚ್ಚಿದಾನಂದರ ಕಡೆ ತಿರುಗಿದಳು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ಮ್ಯಾನೇಜ್‌ಮೆಂಟು ಒಂದು ಕ್ರೈಟೀರಿಯಾ ಕೇಳ್ತು, ದಮಯಂತಿ ಅವರ. ಏನರ ಒಂದು ಕೊಡಬೇಕಿತ್ತು. ರಿಪೋರ್ಟ್ ಬರದದ್ದು ನಾ ಅಲ್ಲಲ್ಲ."

"ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ ನೀವು."

"ಕೇಳಿದ್ರ ಬ್ಯಾರೆ ಬರೀತಿದ್ರೇನು?"

ಸಚ್ಚಿದಾನಂದರು ಕನ್ನಡಕ ಹಾಕಿಕೊಂಡು ಬ್ರಾಕೆಟ್ಟಿನ ಕಡೆ ಬಗ್ಗಿಯೂ ನೋಡದೆ, ಅದು ಬರಿ ಮೇಲಿನ ಗೀರು, ಎರಡು ಸುತ್ತು ಓಡಿದರೆ ಏನಾಗುತ್ತದೆ ಎಂದರು. ಫ್ರೆಡ್ಡಿ ನೆಲ ನೋಡುತ್ತ, "ಹೌದು ಅಕ್ಕ, ಒಂದು ದಿನದ ವಿಷಯ ಅಲ್ವಾ," ಎಂದ. ಮೂರು ಜನ ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಅವಳು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಮನೆಯ ಮುಂದೆ ಗಾಡಿ ನಿಲ್ಲಿಸಿ ಫೋನು ನೋಡಿದರೆ ಕಾರಿನ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದುಹಾಕಿದ್ದರು. ತೆಗೆದವರ ಹೆಸರು ಬಸಯ್ಯ ಎಂದಿತ್ತು.

ಊಟಕ್ಕೆ ಕೂತಾಗ ಕೊರಗಪ್ಪನಿಗೆ ಹೇಳಿದಳು. ಅವನು ಕೋಲ್ಡ್ ಸ್ಟೋರೇಜ್ ಕಂಪನಿಯೊಂದರಲ್ಲಿ ಗುಮಾಸ್ತ. ಜಗಳ ಎಂದರೆ ಆಗದವನು. ಮೀನಿನ ಮುಳ್ಳು ಬಿಡಿಸುತ್ತ ಕೇಳಿ, ತುಳುವಿನಲ್ಲಿ, "ಆ ಹದಿನೆಂಟು ನಿಜವಾಗಿಯೂ ಫೇಲಾ?" ಎಂದ.

"ಫೇಲೇ. ಎಕ್ಸ್‌ರೇಯಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ."

"ಮತ್ತೆ ನಿನಗೆಂತ ಬೇಜಾರು?"

ಬೇಜಾರಿಗೆ ಕಾರಣವಿತ್ತು, ಅದನ್ನು ಅವಳು ಗಂಡನಿಗೂ ಹೇಳಲಿಲ್ಲ. ವೆಲ್ಡಿಂಗ್ ರಾಡುಗಳನ್ನು ಬಿಸಿ ಓವನ್ನಿನಲ್ಲಿ ಒಣಗಿಸಿಡಬೇಕು. ತೇವ ಕುಡಿದ ರಾಡಿನಿಂದ ಎಂಥ ಕೈಯವನು ಬೆಸೆದರೂ ಒಳಗೆ ಗುಳ್ಳೆ ಬರುತ್ತದೆ. ಆ ಅಕ್ಟೋಬರ್, ನವೆಂಬರಿನಲ್ಲಿ ಯಾರ್ಡಿನ ಓವನ್ ಕೆಟ್ಟು ನಿಂತಿತ್ತು. ಖರ್ಚು ಕಡಿತದ ಕಾಲ. ಬಿಡಿಭಾಗಕ್ಕೆ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ಓವನ್ನಿನ ಬಾಗಿಲು ತೆರೆದು ತಣ್ಣಗಿನ ರಾಡುಗಳನ್ನು ಅವಳು ಕೈಯಲ್ಲಿ ಮುಟ್ಟಿ ನೋಡಿದ್ದಳು. ವರದಿಯಲ್ಲಿ 'ಷರಾ' ಎಂದು ಒಂದು ಖಾಲಿ ಜಾಗವಿರುತ್ತದೆ. ಜಾಯಿಂಟು ಪರೀಕ್ಷಿಸುವುದು ತನ್ನ ಕೆಲಸ, ಓವನ್ ಅಲ್ಲ ಎಂದುಕೊಂಡು ಹದಿನೆಂಟು ಸಲವೂ ಅದನ್ನು ಖಾಲಿ ಬಿಟ್ಟಿದ್ದಳು. ತನ್ನ ಕಂಪನಿಗೆ ಯಾರ್ಡಿನವರಿಗೆ ಮುನಿಸು ತರಿಸುವುದು ಇಷ್ಟವಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮಂಗಳವಾರ ಸಂಜೆ ಸೂಪರ್‌ಮಾರ್ಕೆಟಿನಲ್ಲಿ ಬಸಯ್ಯನ ಹೆಂಡತಿ ಈರವ್ವ ಸಿಕ್ಕಳು. ಹೊಸ ಸೂಟ್‌ಕೇಸ್ ಒಂದನ್ನು ತಳ್ಳುಗಾಡಿಯಲ್ಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಒಂಬತ್ತನೇ ಇಯತ್ತೆಯ ಮಗಳು ಐಶ್ವರ್ಯಾ. ದಮಯಂತಿ ದಾರಿ ಬಿಟ್ಟು ಸರಿಯಬಹುದಿತ್ತು, ಸರಿಯಲಿಲ್ಲ.

"ಹೋಗೂ ತಯಾರಿ ನೋಡಾಕ ಬಂದ್ರೇನ್ರಿ?" ಎಂದಳು ಈರವ್ವ.

"ಹಾಗೆ ಹೇಳ್ಬೇಡಿ ಈರವ್ವ."

"ಹೆಂಗ ಹೇಳ್ಲಿ ಮತ್ತ? ನಮ್ಮ ಮನ್ಯಾಗ ಜ್ವಾಳದ ರೊಟ್ಟಿ ತಿಂದ ಕೈಯಿಲೆನ ಬರದ್ರಿ. ಬರದ್ರಿ, ಹೋಗ್ಲಿ, ನಿಮ್ಮ ನೌಕರಿ. ಈಗ ಅವರು ಒಂದ ದಿನ ಆ ಗಾಡ್ಯಾಗ ಕೂಡ್ತಾರ ಅಂದ್ರ ಅದಕ್ಕೂ ಅಡ್ಡ ಬಂದೀರಿ. ಒಂದೂವರಿ ತಿಂಗಳ ಆತು, ಆ ಮನಷ್ಯಾ ಗ್ವಾಡಿ ನೋಡ್ಕೋತ ಕೂತಾರ. ಒಂದ ದಿನ ನಗ್ಲಿ ಅಂದ್ರ ನಿಮಗ ಸೇರಂಗಿಲ್ಲ."

"ಆ ಬ್ರಾಕೆಟ್ ಓಡುವಾಗ ತುಂಡಾದ್ರೆ ಚಕ್ರ ಕಳಚಿ ಹೋಗ್ತದೆ. ಅವರು ಅದರಲ್ಲಿ ಕೂತಿರ್ತಾರೆ."

"ಸಾಯಲಿ ಬಿಡ್ರಿ," ಎಂದಳು ಈರವ್ವ. ಹೇಳಿದ ಮೇಲೆ ತಾನೇ ಬೆಚ್ಚಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಐಶ್ವರ್ಯಾ ತಾಯಿಯ ತೋಳು ಹಿಡಿದು, "ಮಮ್ಮಿ, ಪ್ಲೀಸ್, ಲೆಟ್ಸ್ ಗೋ," ಎಂದು ಎಳೆದುಕೊಂಡು ಹೋದಳು. ದಮಯಂತಿಯ ಕಡೆ ಅವಳೂ ತಿರುಗಿ ನೋಡಲಿಲ್ಲ.

ಮರುದಿನ ದಮಯಂತಿ ಫ್ರೆಡ್ಡಿಯ ಅಂಗಡಿಗೆ ಹೋದಳು. ಆ ಹೊಸ ಹಸಿರು ಅವಳ ತಲೆಯಲ್ಲಿ ಕೂತಿತ್ತು. ಆ ಬಣ್ಣ ಕಲಸುವುದು ಸೀಬ್‌ನಲ್ಲಿ ಒಬ್ಬನೇ.

"ಫ್ರೆಡ್ಡಿ, ಬ್ರಾಕೆಟಿಗೆ ಪೈಂಟ್ ಯಾವಾಗ ಹೊಡೆದದ್ದು?"

ಫ್ರೆಡ್ಡಿ ಸ್ಪ್ರೇ ಗನ್ ಕೆಳಗಿಟ್ಟ. ಬಾಗಿಲ ಕಡೆ ನೋಡಿದ. "ಎಂತಕ್ಕೆ ಅಕ್ಕ ನಿಮಗೆ? ಬಿಡಿ ಅದನ್ನು."

"ವೆಲ್ಡಿಂಗ್ ಬಿಟ್ಟದ್ದಲ್ಲ ಅದು. ಯಾರೋ ಎಲ್ಲಿಯೋ ಬಡಿದದ್ದು. ಟಯರ್ ನೋಡಿದ್ರೆ ಗೊತ್ತಾಗ್ತದೆ."

ಫ್ರೆಡ್ಡಿ ಕೈಯೊರೆಸಿಕೊಂಡು ಹೇಳಿದ. ಜನವರಿ ಮೊದಲ ವಾರ ಸಚ್ಚಿದಾನಂದರು ಕಾರನ್ನು ಟ್ರೇಲರಿನಲ್ಲಿ ಹಾಕಿ ತಂದಿದ್ದರು. ಎಡಗಡೆಯ ಮಡ್‌ಗಾರ್ಡ್ ಒಡೆದಿತ್ತು, ಬ್ರಾಕೆಟ್ಟಿನ ಬಣ್ಣ ಎದ್ದಿತ್ತು. ಸರಿಮಾಡು, ಯಾರಿಗೂ ಹೇಳಬೇಡ ಎಂದಿದ್ದರು.

"ಇದನ್ನು ಬಸಯ್ಯನಿಗೆ ಹೇಳು."

"ನಾನು ಹೇಳುದಿಲ್ಲ," ಎಂದ ಫ್ರೆಡ್ಡಿ. ಅವನ ದನಿ ಗಡುಸಾಯಿತು. "ಯಾರ್ಡಿನ ಗಾಡಿಗಳೆಲ್ಲ ನನ್ನ ಹತ್ರ ಬರುದು ಸಚ್ಚಿ ಸರ್ ಹೇಳಿ. ಈಗ ಬೇರೆ ಕೆಲಸ ಎಲ್ಲಿ ಉಂಟು? ನನ್ನ ಹೆಸರು ತೆಗೀಬೇಡಿ ಅಕ್ಕ. ತೆಗೆದ್ರೆ ನಾನು ಸುಳ್ಳು ಅಂತ ಹೇಳ್ತೇನೆ."

ಅಂಗಡಿಯಿಂದ ಹೊರಗೆ ಬಂದು ಅವಳು ಸಚ್ಚಿದಾನಂದರಿಗೆ ಫೋನ್ ಮಾಡಿದಳು. ಫ್ರೆಡ್ಡಿಯ ಹೆಸರೆತ್ತದೆ, ಟಯರಿನ ಲೆಕ್ಕವನ್ನಷ್ಟೇ ಹೇಳಿ, ನೀವೇ ಒಪ್ಪಿಕೊಳ್ಳಿ, ಕಾರನ್ನು ನಿಲ್ಲಿಸಿ ಎಂದಳು.

"ನಮ್ಮ ಯಾರ್ಡ್ ಜೋಡಿ ನಿಮ್ಮ ಕಂಪನಿ ಕಾಂಟ್ರಾಕ್ಟು ಜೂನ್‌ಗೆ ಮುಗೀತದ, ಅಲ್ಲೇನ್ರಿ?" ಎಂದರು ಸಚ್ಚಿದಾನಂದರು, ಹವಾಮಾನದ ಮಾತಾಡುವಷ್ಟು ಸಮಾಧಾನದಲ್ಲಿ. "ಈಗಿನ ಕಾಲದಾಗ ಯಾರೂ ಖಾಯಂ ಅಲ್ಲ. ಅದನ್ನ ನೆನಪಿಟ್ಕೋರಿ."

ಕೊರಗಪ್ಪನಿಗೆ ಈ ಮಾತು ತಿಳಿದಾಗ ಅವನು ಮೊದಲ ಸಲ ದನಿಯೇರಿಸಿದ. "ಅವರವರ ಹಾಳು ಅವರಿಗೆ. ನೀನು ಅಲ್ಲಿಗೆ ಹೋಗ್ಬಾರ್ದು."

ಶುಕ್ರವಾರ ಬೆಳಿಗ್ಗೆ ಅವಳು ಉಕ್ಕು ಕೊಯ್ಯುವ ಬ್ಯಾಟರಿ ಗ್ರೈಂಡರನ್ನು ಚೀಲಕ್ಕೆ ಹಾಕಿಕೊಂಡಳು. ಕೊರಗಪ್ಪ ತಡೆಯಲಿಲ್ಲ, ಜೊತೆಗೂ ಬರಲಿಲ್ಲ.

ಅವಳು ಸುವೈಕ್ ತಲುಪಿದಾಗ ಒಂಬತ್ತೂವರೆ. ತೋಟದಲ್ಲಿ ಹತ್ತು ಹನ್ನೆರಡು ಗಾಡಿಗಳಿದ್ದವು. ಮರಳಿನ ಬಗ್ಗಿಗಳು, ಹಳೆಯ ಜೀಪಿನ ಎಂಜಿನ್ನಿಗೆ ಹೊಸ ಮೈ ಕಟ್ಟಿದವು. ಮಿಡತೆಯಂಥ ಹಸಿರು ಕಾರನ್ನು ಆಗಲೇ ಟ್ರೇಲರಿನಿಂದ ಇಳಿಸಿದ್ದರು. ಬಸಯ್ಯ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ಹಮೂದನ ಜೊತೆ ಕಾವಾ ಕಾಫಿ ಕುಡಿಯುತ್ತಿದ್ದ. ಅವಳನ್ನು ನೋಡಿ ಕಪ್ಪು ಕೆಳಗಿಟ್ಟ.

"ಯಾರು ಕರದ್ರು ನಿಮ್ಮನ್ನ?"

"ಕರೀಲಿಲ್ಲ. ಒಂದು ಸಲ ಬಂದು ಬೆರಳಿಟ್ಟು ನೋಡಿ ಬಸಯ್ಯ. ನಿಮಗೇ ತಿಳೀತದೆ. ನಿಮ್ಮ ವೆಲ್ಡಿಂಗ್ ಸರಿ ಉಂಟು. ತಗಡಿಗೆ ಪೆಟ್ಟು ಬಿದ್ದದ್ದು."

"ಯಾರದು ಪೆಟ್ಟು?"

ಅವಳು ಸಚ್ಚಿದಾನಂದರ ಕಡೆ ನೋಡಿದಳು. ಅವರು ನಕ್ಕರು. "ನೋಡ್ರಿ ಬಸಯ್ಯ, ಮೊದಲು ನಿಮ್ಮ ಮ್ಯಾಲ ಹಾಕಿದ್ರು, ಅದು ನಡೀಲಿಲ್ಲ, ಈಗ ನನ್ನ ಮ್ಯಾಲ." ಫ್ರೆಡ್ಡಿ ಟ್ರೇಲರಿನ ಹಗ್ಗ ಸುತ್ತುವುದರಲ್ಲೇ ಮುಳುಗಿದ್ದ.

"ಹೋಗ್ರಿ ಮೇಡಮ್," ಎಂದ ಬಸಯ್ಯ. "ಕೈ ಮುಗೀತೀನಿ, ಹೋಗ್ರಿ. ನಿಮ್ಮ ಮಾರಿ ನೋಡಿದ್ರ ನನ್ನ ರಕ್ತ ಕುದೀತೈತಿ." ಬೆನ್ನು ತಿರುಗಿಸಿ ಹಮೂದನ ಜೊತೆ ರಸ್ತೆ ನೋಡಲು ನಡೆದ. ಉಳಿದಿಬ್ಬರೂ ಹಿಂದೆ ಹೋದರು.

ದಮಯಂತಿ ಕಾರಿನ ಎಡಗಡೆ ಮಂಡಿಯೂರಿದಳು. ಕನ್ನಡಕ ಹಾಕಿಕೊಂಡು, ಚಕ್ರದ ಹಿಂದೆ ಕೈ ತೂರಿಸಿ ಗ್ರೈಂಡರ್ ಚಾಲೂ ಮಾಡಿದಳು. ಉಕ್ಕು ಕಿರುಚಿತು. ಕಿಡಿಗಳು ಅವಳ ಮೊಣಕೈಗೆ ಬಡಿದವು. ಬಿರುಕು ಬಿಡದ ಕಡೆಯಿಂದ ಕೊಯ್ಯುತ್ತ ಬಂದಳು. ಯಾರೋ ಕೂಗುತ್ತ ಓಡಿಬರುವುದು ಕೇಳಿಸಿತು. ನಿಲ್ಲಿಸಲಿಲ್ಲ. ಕೊನೆಗೆ ಪಾನಾ ಸಿಕ್ಕಿಸಿ ಒಂದು ಸಲ ಮೀಟಿದಳು. ಬ್ರಾಕೆಟ್ಟಿನ ಕಿವಿ ಕಡಕ್ ಎಂದು ಮುರಿದು ಕೈಗೆ ಬಂತು. ಚಕ್ರ ಒಳಕ್ಕೆ ಮಡಚಿಕೊಂಡು ಕಾರಿನ ಮೂತಿ ನೆಲಕ್ಕೆ ಕುಸಿಯಿತು.

ಬಸಯ್ಯ ಅವಳ ಭುಜ ಹಿಡಿದು ಎಳೆದ. ಅವಳು ಮರಳಿನ ಮೇಲೆ ಕೂತುಬಿಟ್ಟಳು. ಅವನ ಇನ್ನೊಂದು ಕೈ ಮೇಲೆದ್ದಿತ್ತು. ಹಮೂದ್ ನಡುವೆ ಬಂದು ಅವನ ಮುಂಗೈ ಹಿಡಿದುಕೊಂಡ. "ಬಸ್, ಬಸ್. ಖಲಾಸ್."

"ನಾಕು ವರ್ಷದ್ದು," ಎಂದ ಬಸಯ್ಯ. "ನಾಕು ವರ್ಷದ್ದು."

ಅವಳು ಮುರಿದ ತುಂಡನ್ನು ಅವನತ್ತ ಚಾಚಿದಳು. ಅದು ಇನ್ನೂ ಬಿಸಿಯಿತ್ತು. ಅವನು ತೆಗೆದುಕೊಳ್ಳುವುದಿಲ್ಲ ಎಂದುಕೊಂಡಳು. ಆದರೆ ಇಪ್ಪತ್ತು ವರ್ಷ ಲೋಹದ ಜೊತೆ ಬಾಳಿದವನ ಕಣ್ಣು ತಾನಾಗಿಯೇ ಆ ಕಡೆ ಹೋಯಿತು. ಮುರಿದ ಮುಖದಲ್ಲಿ ಮೂರರಲ್ಲಿ ಎರಡು ಪಾಲು ಕಂದಿ ತುಕ್ಕು ಹಿಡಿದಿತ್ತು. ಎಂದೋ ಹರಿದು ಗಾಳಿ ಕುಡಿದದ್ದು. ಈಗಷ್ಟೇ ಕೊಯ್ದು ಮುರಿದ ಒಂದು ಪಾಲು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟರ ಮೇಲೆ ಇಡೀ ಚಕ್ರ ನಿಂತಿತ್ತು. ಅವನು ಬಗ್ಗಿ ಚಾಸಿಯ ಕಡೆ ಉಳಿದ ಭಾಗ ನೋಡಿದ, ಹೆಬ್ಬೆರಳಿನಿಂದ ತನ್ನ ಬೆಸುಗೆಯನ್ನು ಸವರಿದ.

"ವೆಲ್ಡ್ ಹಂಗ ಐತಿ," ಎಂದ ತನಗೇ ಹೇಳಿಕೊಂಡಂತೆ. "ತಗಡು ಬಾಗಿ ಹರದೈತಿ. ಜೋರ್ ಬಡದಾರ ಇದನ್ನ." ಎದ್ದು ನಿಂತ. "ಸರ್. ಯಾವಾಗ?"

"ನನಗೇನು ಗೊತ್ತು ಬಸಯ್ಯ? ಅಕಿ ಮಾತು ಕೇಳಿ..."

"ಜನವರಿ ಆರಕ್ಕೆ ನನ್ನ ಅಂಗಡಿಗೆ ತಂದದ್ದು," ಎಂದ ಫ್ರೆಡ್ಡಿ ಹಿಂದಿನಿಂದ. ಹಗ್ಗ ಇನ್ನೂ ಅವನ ಕೈಯಲ್ಲಿತ್ತು. "ಪೈಂಟ್ ಹೊಡೆದದ್ದು ನಾನು. ಇಷ್ಟು ಹೋಗಿದೆ ಅಂತ ಗೊತ್ತಿದ್ರೆ ಹೊಡೀತಿರ್ಲಿಲ್ಲ, ಸತ್ಯವಾಗಿ."

ಸಚ್ಚಿದಾನಂದರು ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ಟ್ರೇಲರಿನ ಅಂಚಿಗೆ ಕೂತರು.

"ಲಿಸ್ಟಿಗೆ ಸಹಿ ಮಾಡಿದ ದಿನ ಅದು. ನಲವತ್ತೊಂದು ಹೆಸರು. ಸಂಜೀಗೆ ಮನಿಯೊಳಗ ಕೂಡ್ಲಿಕ್ಕೆ ಆಗ್ಲಿಲ್ಲ. ಕಾರ್ ತಗೊಂಡು ಆ ಬಡಾವಣಿಗೆ ಹೋದೆ. ಒಬ್ಬನ ಹೋದೆ. ತಿರುವಿನಾಗ ಅಂಚುಗಟ್ಟಿಗೆ ಬಡೀತು."

"ಅದರಾಗ ನನ್ನನ್ನ ಕೂಡಸ್ತಿದ್ರಿ."

"ಬಿರುಕು ಬಿಟ್ಟದ ಅಂತ ಗೊತ್ತಿರಲಿಲ್ಲ."

"ಬಡದದ್ದು ಗೊತ್ತಿತ್ತಲ್ರಿ. ಆರು ವಾರ ಗೊತ್ತಿತ್ತು. ಮೊನ್ನೆ ಮೇಡಮ್ ನನ್ನ ವೆಲ್ಡಿಂಗಿನ ಬದಿಗೆ ಬಿರುಕು ಅಂದಾಗೂ ಗೊತ್ತಿತ್ತು."

ಬಸಯ್ಯ ಸಚ್ಚಿದಾನಂದರ ಹತ್ತಿರ ಹೋಗುತ್ತಾನೆ ಎಂದು ದಮಯಂತಿ ಅಂದುಕೊಂಡಳು. ಅವನು ಅವಳ ಕಡೆ ತಿರುಗಿದ.

"ಇದೊಂದು ತಗಡು ಉಳಿಸಿ ಬಿಟ್ರಿ. ಭೇಷ್. ಆ ಹದಿನೆಂಟಕ್ಕ ಏನಂತೀರಿ?"

ಅವಳು ಎದ್ದು ಮರಳು ಕೊಡವಿಕೊಂಡಳು. ಹೇಳದೆ ಇರಬಹುದಿತ್ತು. ಆ ಕ್ಷಣದಲ್ಲಿ ಎಲ್ಲರ ಕಣ್ಣಿಗೆ ಅವಳು ಗೆದ್ದವಳಾಗಿದ್ದಳು.

"ಫೇಲೇ ಇದ್ದವು. ಆದ್ರೆ ಅದು ಕೈಯ ತಪ್ಪಲ್ಲ. ರಾಡ್ ಒಣಗಿರ್ಲಿಲ್ಲ. ಓವನ್ ಕೆಟ್ಟಿತ್ತು."

"ನಿಮಗ ಗೊತ್ತಿತ್ತು?"

"ನೋಡಿದ್ದೆ."

"ಬರೀಲಿಲ್ಲ."

"ಬರೀಲಿಲ್ಲ."

ಬಸಯ್ಯ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟು ಇಳಿದು ಅದಕ್ಕಿಂತ ಕೆಟ್ಟದ್ದೇನೋ ಬಂದು ಕೂತಿತು. "ನಾ ಮೂರು ಸಲ ಹೇಳೀನಿ ಸ್ಟೋರಿನವ್ರಿಗೆ, ಓವನ್ ಸರಿ ಮಾಡಸ್ರಿ ಅಂತ. ಬಾಯಿಲೆ ಹೇಳೀನಿ, ಬರಕೊಟ್ಟಿಲ್ಲ. ಬರಿಯೂ ಕೆಲಸ ನಿಮ್ದಿತ್ತು." ಸಚ್ಚಿದಾನಂದರನ್ನೊಮ್ಮೆ ಅವಳನ್ನೊಮ್ಮೆ ನೋಡಿದ. "ಹಂಗಾರ ನೀವಿಬ್ರೂ ಒಂದ."

ಆಮೇಲೆ ಹಮೂದನನ್ನು ಕೇಳಿದ, ಹಿಂದಿಯಲ್ಲಿ, ವೆಲ್ಡಿಂಗ್ ಮಷಿನ್ ಇದೆಯೇ ಎಂದು. ತೋಟದ ಶೆಡ್ಡಿನಲ್ಲಿ ಒಂದಿತ್ತು. ಹಳೆಯ ಟ್ರ್ಯಾಕ್ಟರಿನ ಭಾಗಗಳ ರಾಶಿಯಿಂದ ಬಸಯ್ಯ ದಪ್ಪ ತಗಡೊಂದನ್ನು ಆರಿಸಿದ. ಕೊಯ್ದ, ಉಜ್ಜಿದ, ತೂತು ಕೊರೆದ. ರಾಡುಗಳನ್ನು ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ಒಲೆಯ ಪಕ್ಕದಲ್ಲಿ ಬಹಳ ಹೊತ್ತು ಕಾಯಿಸಿದ. ಯಾರ ಸಹಾಯವನ್ನೂ ಕೇಳಲಿಲ್ಲ. ಫ್ರೆಡ್ಡಿ ಜಾಕ್ ತಂದಾಗ ಕಾಲಿನಿಂದ ಆಚೆ ಸರಿಸಿ ಹಮೂದನ ಜಾಕ್ ಇಟ್ಟುಕೊಂಡ. ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ಮುಖಗವಸು ತೆಗೆದು, "ಪರೀಕ್ಷಾ ಮಾಡ್ರಿ ಮೇಡಮ್," ಎಂದ. ಅದು ವಿನಂತಿಯಾಗಿರಲಿಲ್ಲ.

ಲೋಹ ಆರುವವರೆಗೆ ಕಾದು ಅವಳು ಕೆಂಪು ಚಿಮುಕಿಸಿದಳು. ಹತ್ತು ನಿಮಿಷ ಅವರಿಬ್ಬರೂ ಚಕ್ರದ ಎರಡು ಬದಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅಷ್ಟು ಹತ್ತಿರದಲ್ಲಿ ಅವನ ಉಸಿರು ಕೇಳುತ್ತಿತ್ತು. ಒರೆಸಿ ಬಿಳಿ ಹಾಕಿದಳು. ಬಿಳಿ ಬಿಳಿಯಾಗಿಯೇ ಉಳಿಯಿತು.

"ಸರಿ ಉಂಟು," ಎಂದಳು.

"ಬರಕೊಡ್ರಿ."

ಅವಳು ಚೀಲದಿಂದ ವರದಿಯ ಪುಸ್ತಕ ತೆಗೆದು ಬರೆದುಕೊಟ್ಟಳು. ತಾರೀಖು, ಜಾಗ, ಬೆಸೆದವನ ಹೆಸರು. ಷರಾ ಜಾಗದಲ್ಲಿ, ರಾಡುಗಳನ್ನು ಒಣಗಿಸಿ ಬಳಸಲಾಗಿದೆ ಎಂದು ಬರೆದಳು. ಅವನು ಓದಿ, ಮಡಿಸಿ ಜೇಬಿಗಿಟ್ಟುಕೊಂಡ.

ಮಧ್ಯಾಹ್ನ ಒಂದೂವರೆಗೆ ಅವನು ಕಾರು ತೆಗೆದ. ಪಕ್ಕದ ಸೀಟಿಗೆ ಯಾರನ್ನೂ ಕರೆಯಲಿಲ್ಲ. ಮೊದಲ ಸುತ್ತು ನಿಧಾನ, ಎರಡನೆಯದು ಸ್ವಲ್ಪ ಜೋರು. ಆಮೇಲೆ ಖರ್ಜೂರದ ಮರಗಳ ಹಿಂದೆ ಎಂಜಿನ್ನಿನ ಸದ್ದು ಒಂದೇ ಸಮ ಏರಿ ಇಳಿಯುತ್ತ ಸುತ್ತಿತು. ಹಮೂದನ ಗೆಳೆಯರು ರಸ್ತೆಯ ಪಕ್ಕ ನಿಂತು ಯಲ್ಲಾ, ಯಲ್ಲಾ ಎಂದು ಕೈಬೀಸಿದರು. ಹದಿನಾಲ್ಕು ಸುತ್ತು ಹೊಡೆದ. ದಮಯಂತಿ ಎಣಿಸಿದಳು. ಪ್ರತಿ ಸಲ ಮುಂದಿನಿಂದ ಹಾದು ಹೋಗುವಾಗ ಎಡಚಕ್ರ ನೆಟ್ಟಗೆ, ನೆಲಕ್ಕೆ ಗಟ್ಟಿಯಾಗಿ ಊರಿಕೊಂಡು ಓಡುತ್ತಿತ್ತು. ಅವನು ಒಂದು ಸಲವೂ ಅವರ ಕಡೆ ನೋಡಲಿಲ್ಲ. ಪೆಟ್ರೋಲ್ ಮುಗಿಯುವ ಹೊತ್ತಿಗೆ ಶೆಡ್ಡಿನ ಮುಂದೆ ನಿಲ್ಲಿಸಿ, ಕೀಲಿಯನ್ನು ಹಮೂದನ ಕೈಗಿಟ್ಟು, ಸುವೈಕ್ ಪೇಟೆಯಿಂದ ಟ್ಯಾಕ್ಸಿ ತರಿಸಿಕೊಂಡು ಹೋದ.

ಕಾರು ಅಲ್ಲೇ ಉಳಿಯಿತು. ತರಲು ಸಚ್ಚಿದಾನಂದರು ಹೋಗಲಿಲ್ಲ, ಫ್ರೆಡ್ಡಿಯೂ ಹೋಗಲಿಲ್ಲ.

ಭಾನುವಾರ ಕಚೇರಿ ತೆರೆದಾಗ ದಮಯಂತಿ ಎರಡು ಪುಟದ ಕಾಗದ ಬರೆದಳು. ಓವನ್ ಕೆಟ್ಟಿದ್ದ ದಿನಗಳು, ತಾನು ನೋಡಿದ್ದು, ಷರಾ ಬರೆಯದೆ ಬಿಟ್ಟದ್ದು, ಹದಿನೆಂಟು ಜಾಯಿಂಟುಗಳ ನಂಬರು. ಯಾರ್ಡಿಗೆ ಒಂದು, ತನ್ನ ಕಂಪನಿಗೆ ಒಂದು, ಬಸಯ್ಯನಿಗೆ ಒಂದು ಪ್ರತಿ ಕಳಿಸಿದಳು. ಯಾರ್ಡಿನಿಂದ ಒಂದು ಸಾಲಿನ ಉತ್ತರ ಬಂತು: ತೀರ್ಮಾನದಲ್ಲಿ ಬದಲಾವಣೆ ಇಲ್ಲ. ಅವಳ ಕಂಪನಿಯವರು ಕರೆಸಿ, ಯಾರನ್ನು ಕೇಳಿ ಬರೆದೆ ಎಂದು ಒಂದು ಗಂಟೆ ನಿಲ್ಲಿಸಿ ಬೈದರು. ಜೂನಿನಲ್ಲಿ ಕಂಪನಿ ಅವಳ ವೀಸಾ ನವೀಕರಿಸಲಿಲ್ಲ. ಕೊರಗಪ್ಪ ಹೆದರಿದ್ದೇ ಆಯಿತು, ಆದರೆ ಅದನ್ನು ಅವನು ಆಡಿ ತೋರಿಸಲಿಲ್ಲ. ನಾಲ್ಕು ತಿಂಗಳು ಗಂಡನ ಕುಟುಂಬ ವೀಸಾದಲ್ಲಿ, ಅವನ ಒಂದು ಸಂಬಳದಲ್ಲಿ ನಡೆಯಿತು. ಅಕ್ಟೋಬರಿನಲ್ಲಿ ನಿಜ್ವಾದ ಒಂದು ತರಬೇತಿ ಕೇಂದ್ರದಲ್ಲಿ ಅವಳಿಗೆ ಬೆಸುಗೆ ಪರೀಕ್ಷೆ ಕಲಿಸುವ ಕೆಲಸ ಸಿಕ್ಕಿತು. ವಾರಕ್ಕೆ ಐದು ದಿನ ಅಲ್ಲೇ ಒಂದು ಕೋಣೆಯಲ್ಲಿ ಇರತೊಡಗಿದಳು.

ಬಸಯ್ಯ ಮಾರ್ಚ್ ಹದಿನೇಳಕ್ಕೆ ಹೊರಟುಹೋಗಿದ್ದ. ಅವನಿಗೆ ಗುಜರಾತಿನ ಕಡಲತೀರದ ಒಂದು ಯಾರ್ಡಿನಲ್ಲಿ ಕೆಲಸ ಸಿಕ್ಕಿದೆಯೆಂದು, ಸಂದರ್ಶನದಲ್ಲಿ ಅವಳ ಆ ಎರಡು ಪುಟವನ್ನು ಮುಂದಿಟ್ಟಿದ್ದನೆಂದು ಫ್ರೆಡ್ಡಿಯಿಂದ ತಿಳಿಯಿತು. ಡಿಸೆಂಬರಿನ ಒಂದು ಭಾನುವಾರ ಮ‌ಧ್ಯಾಹ್ನ, ಪಾಠ ಮುಗಿಸಿ ಬಂದವಳು ಈರವ್ವನ ನಂಬರಿಗೆ ಫೋನ್ ಮಾಡಿದಳು. ಎರಡು ಸಲ ರಿಂಗಾದ ಮೇಲೆ ಈರವ್ವ ಎತ್ತಿದಳು.

"ನಾನು ದಮಯಂತಿ. ಬಸಯ್ಯನವ್ರು ಇದ್ದಾರಾ?"

ಆ ಕಡೆ ಟಿ.ವಿ.ಯ ಸದ್ದು ಕಡಿಮೆಯಾಯಿತು. ಈರವ್ವ ಫೋನನ್ನು ಕೈಯಿಂದ ಮುಚ್ಚಿ ಏನೋ ಕೇಳಿದ್ದು, ಗಂಡಸಿನ ದನಿ ಚಿಕ್ಕದಾಗಿ ಏನೋ ಹೇಳಿದ್ದು ಕೇಳಿಸಿತು.

"ಇಲ್ಲೇ ಕುಂತಾರ್ರಿ," ಎಂದಳು ಈರವ್ವ. "ಮಾತಾಡಂಗಿಲ್ಲ ಅಂತಾರ."

"ಇರ್ಲಿ. ಎಲ್ಲ ಸೌಖ್ಯವಾ?"

"ಅದೀವ್ರಿ."

"ಐಶ್ವರ್ಯಾ ಶಾಲೆಗೆ ಹೋಗ್ತಾಳಾ?"

"ಹೊಕ್ಕಾಳ್ರಿ," ಎಂದಳು ಈರವ್ವ. "ಇಡ್ತೀನ್ರಿ. ಒಲಿ ಮ್ಯಾಲ ಹಾಲಿಟ್ಟೀನಿ."